ಸಂಪಾದಕರ ಉತ್ತರ: ಮೂಗುದಾರ ಬೇಡ ಅಂದ್ರೆ ಹೇಗೆ ಮೇಷ್ಟ್ರೇ?

ತರೀಕೆರೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ ಇದು: "ಜನ ಓಟು ಹಾಕಿ ಬಹುಮತ ಕೊಟ್ಟ ಸರ್ಕಾರ ಏನಾದರೂ ಕೆಲಸಕ್ಕೆ ಕೈಹಾಕಿದರೆ, ಯಾರೋ ಒಬ್ಬ ಕೋರ್ಟಿಗೆ ಹೋಗಿ ತಡೆಯಾಜ್ಞೆ ತರುತ್ತಾನೆ. ಹಕ್ಕು ಹಕ್ಕು ಅನ್ನುವುದು ಜಾಸ್ತಿ ಆಯಿತು. ಉಳುವ ಎತ್ತಿನ ಕಾಲಿಗೆ ಹಗ್ಗ ಕಟ್ಟಿದಂತಿದೆ ನಮ್ಮ ಸಂವಿಧಾನ. ಸರ್ಕಾರ ತಪ್ಪು ಮಾಡಿದರೆ ಐದು ವರ್ಷಕ್ಕೊಮ್ಮೆ ಜನರೇ ನೋಡಿಕೊಳ್ಳುತ್ತಾರಲ್ಲ?"

ಮೇಷ್ಟ್ರೇ, ನಿಮ್ಮ ದುಂಡು ಅಕ್ಷರ ನೋಡಿಯೇ ಅರ್ಧ ಸೋತೆ. ಇನ್ನರ್ಧ ಸೋಲುವುದಕ್ಕೆ ನಾನು ತಯಾರಿಲ್ಲ. ಕೋರ್ಟುಗಳು ನಿಧಾನ, ನಿಜ. ಒಂದು ತಡೆಯಾಜ್ಞೆಗೆ ವರ್ಷಗಟ್ಟಲೆ ನಿಂತ ರಸ್ತೆ ಎಲ್ಲ ಊರಲ್ಲೂ ಇದೆ. ಜಡ್ಜುಗಳನ್ನು ನಾವು ಓಟು ಹಾಕಿ ಕಳಿಸುವುದಿಲ್ಲ ಅನ್ನುವುದೂ ನಿಜ. ಇಷ್ಟು ನಿಮ್ಮ ಪಾಲಿಗೆ ಬಿಟ್ಟೆ.

ಆದರೆ ಹಗ್ಗ ಇರುವುದು ಎತ್ತಿನ ಕಾಲಿಗಲ್ಲ, ಮೂಗಿಗೆ. ಮೂಗುದಾರ ಇಲ್ಲದ ಎತ್ತನ್ನು ಯಾವ ರೈತ ಹೊಲಕ್ಕಿಳಿಸುತ್ತಾನೆ, ನೀವೇ ಹೇಳಿ. ಶಾಸನಸಭೆ ಕಾನೂನು ಮಾಡಲಿ, ಮಂತ್ರಿಮಂಡಲ ಅದನ್ನು ನಡೆಸಲಿ, ಎರಡೂ ಗೆರೆ ದಾಟಿದರೆ ಕೋರ್ಟು ಕೇಳಲಿ ಅಂತ ಕೆಲಸ ಹಂಚಿದ್ದು ಸುಮ್ನೆ ಅಲ್ಲ. ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು ನಿಲ್ಲುವುದಿಲ್ಲ ಅನ್ನುತ್ತದೆ 13ನೇ ವಿಧಿ. ಹಕ್ಕಿಗೆ ಧಕ್ಕೆಯಾದರೆ ನೇರವಾಗಿ ಸುಪ್ರೀಂ ಕೋರ್ಟಿಗೇ ಬನ್ನಿ ಅನ್ನುತ್ತದೆ 32ನೇ ವಿಧಿ. ಸಂವಿಧಾನದ ಆತ್ಮ ಇದೇ ಅಂದರು ಅಂಬೇಡ್ಕರ್.

"ಐದು ವರ್ಷಕ್ಕೆ ಜನರೇ ನೋಡಿಕೊಳ್ಳುತ್ತಾರೆ" ಅಂದಿರಲ್ಲ, ನನ್ನ ತಕರಾರು ಇರುವುದು ಅಲ್ಲೇ. 1971ರಲ್ಲಿ ಇಂದಿರಾ ಗಾಂಧಿಯವರ ಪಕ್ಷ ಲೋಕಸಭೆಯಲ್ಲಿ 352 ಸ್ಥಾನ ಗೆದ್ದಿತು. ನೀವು ಕೇಳುವ ಬಹುಮತ ಅಂದರೆ ಅದೇ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಸಂಸದೀಯ ಸಮಿತಿಯ ಸಭೆಗೆಂದು ನಮ್ಮ ಬೆಂಗಳೂರಿಗೆ ಬಂದಿದ್ದರು. ಅಲ್ಲೇ ಹಿಡಿದು ಜೈಲಿಗೆ ಹಾಕಿದರು. 1976ರ ಆರಂಭಕ್ಕೆ ಆಗಬೇಕಿದ್ದ ಲೋಕಸಭಾ ಚುನಾವಣೆ ಆಗಲೇ ಇಲ್ಲ. ಬಹುಮತ ಇದ್ದವರೇ ಮುಂದಕ್ಕೆ ಹಾಕಿಕೊಂಡರು. 42ನೇ ತಿದ್ದುಪಡಿ ತಂದು ಸಭೆಯ ಅವಧಿಯನ್ನೇ ಆರು ವರ್ಷ ಮಾಡಿಕೊಂಡರು. ಆ ಹೊತ್ತಿನಲ್ಲಿ ಜನ ಯಾವ ಮತಗಟ್ಟೆಗೆ ಹೋಗಿ ನೋಡಿಕೊಳ್ಳಬೇಕಿತ್ತು?

ಕೋರ್ಟು ಆಗ ಏನು ಮಾಡಿತು ಅಂತ ಕೇಳಿಯೇ ಕೇಳುತ್ತೀರಿ. ಸುಪ್ರೀಂ ಕೋರ್ಟು ಕೈಬಿಟ್ಟಿತು. ತುರ್ತು ಪರಿಸ್ಥಿತಿಯಲ್ಲಿ ಬಂಧನ ಪ್ರಶ್ನಿಸಿ ಬರುವಂತಿಲ್ಲ ಅಂದರು ನಾಲ್ವರು ಜಡ್ಜುಗಳು. ಎಚ್.ಆರ್. ಖನ್ನಾ ಒಬ್ಬರೇ ಆಗುವುದಿಲ್ಲ ಅಂದರು. ಮುಖ್ಯ ನ್ಯಾಯಮೂರ್ತಿಯಾಗುವ ಸರದಿ ಅವರದಿತ್ತು, ತಪ್ಪಿಸಿದರು. ಅವರು ರಾಜೀನಾಮೆ ಕೊಟ್ಟು ಎದ್ದು ಹೋದರು. ಮೂಗುದಾರ ಸಡಿಲವಾದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇನ್ನು ನಮ್ಮದೇ ರಾಜ್ಯದ ಕಥೆ. ಇದು ನನ್ನ ಹಳೇ ಹುಚ್ಚು, ನಮ್ಮ ಕಚೇರಿಯವರು ಕೇಳಿ ಕೇಳಿ ಸುಸ್ತಾಗಿದ್ದಾರೆ. ಈಗ ನಿಮ್ಮ ಸರದಿ. 1989ರ ಏಪ್ರಿಲ್. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಪಕ್ಷ ಬಿಟ್ಟ ಶಾಸಕರೊಬ್ಬರು ರಾಜಭವನಕ್ಕೆ ಹೋಗಿ, ಬೆಂಬಲ ವಾಪಸ್ ಅನ್ನುವ 19 ಶಾಸಕರ ಪತ್ರಗಳನ್ನು ರಾಜ್ಯಪಾಲರ ಮುಂದಿಟ್ಟರು. ರಾಜ್ಯಪಾಲರು ಸಹಿಗಳನ್ನು ತಾಳೆ ನೋಡಿಸಿ, 19ನೇ ತಾರೀಕು ದೆಹಲಿಗೆ ವರದಿ ಕಳಿಸಿದರು. ಮರುದಿನ ಆ 19ರಲ್ಲಿ ಏಳು ಮಂದಿ, ನಮಗೆ ತಪ್ಪು ಹೇಳಿ ಸಹಿ ಹಾಕಿಸಿಕೊಂಡರು, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂತ ಬರೆದುಕೊಟ್ಟರು. ಬೊಮ್ಮಾಯಿ ಕೇಳಿದ್ದು ಒಂದೇ ಮಾತು: ಅಧಿವೇಶನ ಬೇಗ ಕರೆಯಿರಿ, ಸದನದಲ್ಲೇ ಬಹುಮತ ತೋರಿಸುತ್ತೇನೆ. ರಾಜ್ಯಪಾಲರು ಒಪ್ಪಲಿಲ್ಲ. ದೆಹಲಿಗೆ ಇನ್ನೊಂದು ವರದಿ ಹೋಯಿತು. 21ಕ್ಕೆ ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ, ರಾಷ್ಟ್ರಪತಿ ಆಳ್ವಿಕೆ.

ನೋಡಿ ಮೇಷ್ಟ್ರೇ, ಇಲ್ಲಿ ಜನ ಆರಿಸಿದ ಸರ್ಕಾರದ ಪರ ನಿಲ್ಲಬೇಕಾಗಿದ್ದವರು ನೀವೇ! ಆದರೆ ಕೋರ್ಟಿನ ಬಾಗಿಲು ಬೇಡ ಅಂದರೆ ಬೊಮ್ಮಾಯಿ ಎಲ್ಲಿಗೆ ಹೋಗಬೇಕಿತ್ತು? ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ಜಡ್ಜುಗಳ ಪೀಠದ ತೀರ್ಪು ಬಂತು. ವಜಾ ಮಾಡಿದ್ದು ತಪ್ಪು, ಬಹುಮತ ಅಳೆಯುವ ಜಾಗ ಸದನ, ರಾಜಭವನವಲ್ಲ ಅಂತ. ಅಷ್ಟರಲ್ಲಿ ರಾಜ್ಯದಲ್ಲಿ ಬೇರೆ ಚುನಾವಣೆಯೇ ಆಗಿಹೋಗಿತ್ತು. ಅವರಿಗೆ ಕುರ್ಚಿ ಸಿಗಲಿಲ್ಲ. ಲಾಭ ಆಗಿದ್ದು ಮುಂದಿನವರಿಗೆ. 2018ರ ಮೇನಲ್ಲಿ ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ರಾಜ್ಯಪಾಲರು 15 ದಿನ ಕೊಟ್ಟಾಗ, ವಿರೋಧಿಗಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದು ನಡುರಾತ್ರಿ. 19ನೇ ತಾರೀಕೇ ಸದನದಲ್ಲಿ ಮತ ಆಗಲಿ ಅಂದಿತು ಕೋರ್ಟು. ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು.

"ಯಾರೋ ಒಬ್ಬ" ಅಂತ ಹಗುರವಾಗಿ ಬರೆದಿದ್ದೀರಿ. ಆ ಯಾರೋ ಒಬ್ಬರಲ್ಲಿ ನಮ್ಮ ಕಡೆಯವರೇ ಜಾಸ್ತಿ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೋರ್ಟಿಗೆ ಹೋದದ್ದು ಮಠದ ಭೂಮಿಗಾಗಿ. ಅದರಲ್ಲಿ ಅವರಿಗೆ ಹೇಳಿಕೊಳ್ಳುವಂಥದ್ದೇನೂ ದಕ್ಕಲಿಲ್ಲ. ಆದರೆ 1973ರಲ್ಲಿ 13 ಜಡ್ಜುಗಳು ಕೂತು, 7-6ರಲ್ಲಿ, ಸಂಸತ್ತು ಸಂವಿಧಾನ ತಿದ್ದಬಹುದು, ಅದರ ಮೂಲ ಸ್ವರೂಪ ಕೆಡಿಸುವಂತಿಲ್ಲ ಅಂದರು. ನಮ್ಮ ಹೈಕೋರ್ಟಿನ ನಿವೃತ್ತ ಜಡ್ಜ್ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಪ್ರಶ್ನಿಸಿ ಹೊರಟಾಗ ಅವರಿಗೆ 80 ದಾಟಿತ್ತು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ಜಡ್ಜುಗಳು ಒಮ್ಮತದಿಂದ ಹೇಳಿದರು. ಖನ್ನಾ ಒಬ್ಬರೇ ವಿರೋಧಿಸಿದ್ದ ಆ ಹಳೇ ತೀರ್ಪು ತಪ್ಪು ಅಂತಲೂ ಅದೇ ಪೀಠ ಹೇಳಿತು. ಆ ಮಾತು ಬರೆದ ಜಡ್ಜ್ ಚಂದ್ರಚೂಡ್, ಹಳೇ ಪೀಠದಲ್ಲಿದ್ದ ಚಂದ್ರಚೂಡರ ಮಗ. ಇಂಥದ್ದನ್ನು ನಮ್ಮ ಶಾಲೆಗಳಲ್ಲಿ ಕಥೆಯಾಗಿ ಹೇಳಿದ್ದರೆ ಮಕ್ಕಳು ಪೌರನೀತಿ ಅಂದಾಗ ಆಕಳಿಸುತ್ತಿರಲಿಲ್ಲ. ಅವರಿಗೆ ನಾವು ಕೊಟ್ಟಿದ್ದು ರಾಜ್ಯಪಾಲರ ಅರ್ಹತೆಗಳ ಪಟ್ಟಿ, ಎರಡು ಅಂಕಕ್ಕೆ.

ಈಗ ನನ್ನ ಹೊಟ್ಟೆಯುರಿ. ಪಂಚಾಯಿತಿಗಳ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದಲ್ಲೇ ಬರೆದಿದೆ. ನಗರಗಳಿಗೂ ಅದೇ ನಿಯಮ. ನಮ್ಮಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ, ಬೆಂಗಳೂರು ಪಾಲಿಕೆಯದು 2020ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ. ಸರ್ಕಾರ ಬದಲಾಯಿತು, ನೆಪ ಬದಲಾಗಲಿಲ್ಲ: ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟಿಗೊಂದು ಅಫಿಡವಿಟ್ಟು. ಈಚೆಗೆ ಒಂದು ತಾಲ್ಲೂಕು ಪಂಚಾಯಿತಿ ಕಚೇರಿಗೆ ಹೋಗಿದ್ದೆ. ಅಧ್ಯಕ್ಷರ ಕೋಣೆಯಲ್ಲಿ ಹಳೇ ಕಂಪ್ಯೂಟರ್ ಡಬ್ಬ ಪೇರಿಸಿದ್ದರು. ಬೋರ್‌ವೆಲ್ ಕೆಟ್ಟಿದೆ ಅಂತ ಅರ್ಜಿ ತಂದ ಹೆಂಗಸೊಬ್ಬರು ಯಾರ ಹತ್ತಿರ ಹೇಳಬೇಕು ಅಂತ ಕೇಳುತ್ತಿದ್ದರು. "ಆಡಳಿತಾಧಿಕಾರಿ ಮೀಟಿಂಗ್‌ನಲ್ಲಿದ್ದಾರೆ, ಸೋಮವಾರ ಬನ್ನಿ" ಅಂದರು ಗುಮಾಸ್ತರು. ಆಕೆ ಐದು ವರ್ಷಕ್ಕೊಮ್ಮೆ ನೋಡಿಕೊಳ್ಳುವುದಾದರೂ ಯಾರನ್ನು? ಇದನ್ನು ಮಾಡಿದವರು ತಡೆಯಾಜ್ಞೆ ತಂದ "ಯಾರೋ ಒಬ್ಬ" ಅಲ್ಲ. ಬಹುಮತದ ಸರ್ಕಾರಗಳೇ, ಎರಡೂ ಪಕ್ಷದವು.

ಮೇಷ್ಟ್ರೇ, ಒಂದು ಕೆಲಸ ಹೇಳುತ್ತೇನೆ. ತರೀಕೆರೆ ತಾಲ್ಲೂಕು ಪಂಚಾಯಿತಿಗೆ ಕಡೇ ಸಲ ಓಟು ಹಾಕಿದ್ದು ಯಾವ ವರ್ಷ, ಅದಾದ ಮೇಲೆ ಅಲ್ಲಿನ ದುಡ್ಡಿನ ಲೆಕ್ಕ ಯಾರು ನೋಡುತ್ತಿದ್ದಾರೆ, ವಿಚಾರಿಸಿ ಬರೆಯಿರಿ. ಪದಮಿತಿ ಇಲ್ಲ. ನನ್ನನ್ನು ಬೈದರೂ ಅಚ್ಚು ಹಾಕುತ್ತೇವೆ.