ಐದು ಸೀಳಿನ ಎಲೆ, ತಿಳಿ ನೇರಳೆ ಹೂ: ಯಾವುದು ಈ ಬಳ್ಳಿ?

ಪ್ರಶ್ನೆ: ಬೇಲಿ ಮೇಲೆ ತಾನಾಗಿಯೇ ಒಂದು ಬಳ್ಳಿ ಹಬ್ಬಿದೆ. ಎಲೆ ಅಂಗೈ ಬಿಡಿಸಿದ ಹಾಗೆ, ಐದು ಸೀಳು. ಬೆಳಿಗ್ಗೆ ಬೇಲಿ ತುಂಬ ತಿಳಿ ನೇರಳೆ ಹೂ, ಮಧ್ಯಾಹ್ನ ಕಳೆಯುವಷ್ಟರಲ್ಲಿ ಎಲ್ಲ ಮುದುಡಿರುತ್ತವೆ. ದಿನಾ ನೀರು ಹಾಕಿದರೂ ಅಷ್ಟೇ. ಏನು ತೊಂದರೆ? ಪಕ್ಕದ ಎಳೆ ಮರಕ್ಕೂ ಹಬ್ಬಿಸಬಹುದಾ?

ಉತ್ತರ: ತೊಂದರೆ ಏನೂ ಇಲ್ಲ, ಈ ಹೂವಿನ ಆಯಸ್ಸೇ ಅಷ್ಟು. ಹೂವನ್ನು ಒಮ್ಮೆ ಹತ್ತಿರದಿಂದ ನೋಡಿ. ದಳಗಳೆಲ್ಲ ಕೂಡಿ ಒಂದೇ ಆಲಿಕೆಯಾಗಿರುತ್ತವೆ, ಅದರಲ್ಲಿ ಗೀಟು ಎಳೆದಂತೆ ಐದು ಪಟ್ಟೆ ಕಾಣುತ್ತವೆ. ಹೊತ್ತು ಏರಿದ ಮೇಲೆ ಆ ಪಟ್ಟೆಗಳು ಒಳಕ್ಕೆ ಸುರುಳಿಯಾಗುತ್ತವೆ, ಇಡೀ ಹೂವನ್ನು ಜೊತೆಗೇ ಎಳೆದುಕೊಂಡು ಮುಚ್ಚಿಬಿಡುತ್ತವೆ. ಮರುದಿನ ನೀವು ನೋಡುವುದು ಬೇರೆ ಮೊಗ್ಗು ಅರಳಿದ ಹೂ.

ನೀವು ಹೇಳಿದ್ದನ್ನು ನೋಡಿದರೆ ಇದು ಐಪೋಮಿಯಾ ಕೈರಿಕಾ. ಆಫ್ರಿಕಾ, ಏಷ್ಯಾಗಳ ಬಿಸಿ ನಾಡುಗಳ ಬಳ್ಳಿ. ಹೆಸರಿನಲ್ಲಿರುವುದು ಈಜಿಪ್ಟಿನ ಕೈರೋ ನಗರ, ಕೈರೋ ಹೆಸರು ಸೇರಿಸಿದವನು ಸಸ್ಯವಿಜ್ಞಾನಿ ಲಿನೇಯಸ್, 1759ರಲ್ಲಿ. ರೈಲು ಹಳಿಗಳ ಪಕ್ಕ ಹಬ್ಬುವ ಸ್ವಭಾವದಿಂದ ರೈಲ್ವೆ ಕ್ರೀಪರ್ ಅಂತಲೂ ಕರೆಯುತ್ತಾರೆ. ಖಾತ್ರಿ ಆಗಬೇಕಿದ್ದರೆ ಎಲೆ ತೊಟ್ಟಿನ ಬುಡ ನೋಡಿ, ಅಲ್ಲಿ ಅದೇ ಆಕಾರದ ಪುಟಾಣಿ ಎಲೆ ಇರುತ್ತದೆ. ಹೂವಿನ ಗಂಟಲು ಗಾಢ ನೇರಳೆ. ಸಿಹಿಗೆಣಸು ಇದೇ ಕುಲದ್ದು, ಹಾಗಂತ ಇದನ್ನು ಬಾಯಿಗೆ ಹಾಕಿಕೊಳ್ಳಬೇಡಿ.

ಮರಕ್ಕೆ ಮಾತ್ರ ದಯವಿಟ್ಟು ಹಬ್ಬಿಸಬೇಡಿ. ಬೇಲಿ ಮೇಲೆ ಇದು ಎಷ್ಟು ಚೆಂದವೋ ಎಳೆ ಮರದ ಮೇಲೆ ಅಷ್ಟೇ ಭಾರ, ಸುತ್ತಿಕೊಂಡು ತುದಿ ತಲುಪಿ ಬಿಸಿಲನ್ನೆಲ್ಲ ತಾನೇ ತಗೊಳ್ಳುತ್ತದೆ, ಕೆಳಗಿನ ಎಲೆಗಳಿಗೆ ಬೆಳಕೇ ಸಿಗುವುದಿಲ್ಲ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಕಾಡುಗಳಲ್ಲಿ ಇದು ಹೀಗೇ ಮರಗಿಡ ಮುಚ್ಚಿಹಾಕುವ ಕಳೆಯಾಗಿದೆ.

ಸುಮ್ನೆ ಎಳೆದು ಕಿತ್ತರೂ ಸಾಲದು. ನೆಲಕ್ಕೆ ತಾಗಿದ ಒಂದೊಂದು ಗಿಣ್ಣೂ ಬೇರು ಬಿಡುತ್ತದೆ. ಕತ್ತರಿಸಿದ ತುಂಡನ್ನು ಹಸಿ ಮಣ್ಣಿನ ಮೇಲೆ ಬಿಟ್ಟರೆ ಅದೇ ಇನ್ನೊಂದು ಬಳ್ಳಿ! ಬೇಲಿಯಲ್ಲಿ ಬೇಕಾದಷ್ಟು ಇಟ್ಟುಕೊಳ್ಳಿ, ಮರದ ಕಡೆ ಹೊರಟ ಕುಡಿಗಳನ್ನು ಆಗಾಗ ಕತ್ತರಿಸಿ, ನೆಲದ ಮೇಲೆ ಓಡಿದ್ದನ್ನು ಬೇರುಸಹಿತ ತೆಗೆಯಿರಿ. ತೆಗೆದದ್ದನ್ನು ಪ್ಲಾಸ್ಟಿಕ್ ಹಾಳೆ ಮೇಲೆ ಹರಡಿ, ಬಿಸಿಲಿಗೆ ಪೂರ್ತಿ ಒಣಗಿದ ಮೇಲೇ ಗೊಬ್ಬರದ ಗುಂಡಿಗೆ ಹಾಕಿ.