ಗದಗದಲ್ಲಿರುವ ಅಕ್ಕನಿಗೆ ಗಂಡನ ಹೊಡೆತ ಜಾಸ್ತಿಯಾಗಿದೆ. ಮನೆ ಬಿಟ್ಟರೆ ಎಲ್ಲಿ ಇರಬೇಕು?

ಈಗಲೇ ಹೊಡೆಯುತ್ತಿದ್ದರೆ 112ಕ್ಕೆ ಫೋನ್ ಮಾಡಿ. ಇಲ್ಲದಿದ್ದರೆ ಮಹಿಳಾ ಸಹಾಯವಾಣಿ 181, ರಾತ್ರಿಯೂ ಸಿಗುತ್ತಾರೆ. ನೊಂದ ಹೆಣ್ಣುಮಕ್ಕಳಿಗಾಗಿ ಸರ್ಕಾರ ನಡೆಸುವ ಜಿಲ್ಲೆಯ ಸಖಿ ಕೇಂದ್ರದಲ್ಲಿ ಸಾಮಾನ್ಯವಾಗಿ ಐದು ದಿನದವರೆಗೆ ಇರಬಹುದು. ಚಿಕಿತ್ಸೆ, ಪೊಲೀಸ್, ವಕೀಲರ ನೆರವನ್ನೂ ಅವರೇ ಜೋಡಿಸಿಕೊಡುತ್ತಾರೆ. ಹೆಚ್ಚು ದಿನ ಬೇಕಾದರೆ ಹೆಣ್ಣುಮಕ್ಕಳ ಆಶ್ರಯಧಾಮವಾದ ಶಕ್ತಿ ಸದನದ ಬಗ್ಗೆ ಅಲ್ಲೇ ಕೇಳಿ.

ಆದರೆ ಅಕ್ಕನೇ ಯಾಕೆ ಮನೆ ಬಿಡಬೇಕು? ಮನೆ ಗಂಡನ ಹೆಸರಲ್ಲಿದ್ದರೂ ಅಲ್ಲಿ ಇರುವ ಹಕ್ಕನ್ನು 2005ರ ಕೌಟುಂಬಿಕ ಹಿಂಸೆ ಕಾಯ್ದೆ ಕೊಡುತ್ತದೆ. ಗಂಡನನ್ನೇ ಹೊರಗೆ ಹಾಕುವಂತೆ ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು. ಅರ್ಜಿ ಹಾಕಲು ಈ ಕಾಯ್ದೆಯಡಿ ಸರ್ಕಾರ ನೇಮಿಸಿರುವ ಸಂರಕ್ಷಣಾಧಿಕಾರಿ ನೆರವಾಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರು ಉಚಿತ, ಆದಾಯ ಎಷ್ಟೇ ಇರಲಿ.

ಆಧಾರ್, ಪಾಸ್‌ಬುಕ್, ಆಸ್ಪತ್ರೆ ಚೀಟಿ, ಗಾಯದ ಫೋಟೊ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಹಿರಿಯರು "ಹೊಂದಿಕೊಂಡು ಹೋಗು" ಅಂದರೂ ನೀವು ಅಕ್ಕನ ಕೈಬಿಡಬೇಡಿ.