ತೆರಿಗೆ ರಿಯಾಯಿತಿ ತೆಗೆದರೆ ಕಂಪನಿಗಳು ಓಡಿಹೋಗುತ್ತವಾ?

ಪ್ರಿಯ ಓದುಗರೇ,

ಬಂಡವಾಳ ಸೆಳೆಯೋಕೆ ಅಮೆರಿಕದ ರಾಜ್ಯಗಳು ಕಂಪನಿಗಳಿಗೆ ಕೊಡುವ ತೆರಿಗೆ ರಿಯಾಯಿತಿ ರದ್ದಾಗಬೇಕು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ನೀವು ಎರಡು ಪ್ರಶ್ನೆ ಕೇಳಿದ್ದೀರಿ. ರಿಯಾಯಿತಿ ನಿಂತರೆ ಕಂಪನಿಗಳು ಪಕ್ಕದ ರಾಜ್ಯಕ್ಕೆ ಹೋಗಲ್ವಾ? ಈಗಾಗಲೇ ಒಪ್ಪಂದ ಆಗಿರುವವರ ಗತಿ ಏನು?

ಕೆಲವು ಹೋಗುತ್ತವೆ, ನಿಜ. ಆದರೆ ನೀವು ಹೆದರಿದಷ್ಟು ಅಲ್ಲ. ಅರ್ಥಶಾಸ್ತ್ರಜ್ಞ ಟಿಮೋತಿ ಬಾರ್ಟಿಕ್ 2018ರಲ್ಲಿ ಹಾಕಿದ ಲೆಕ್ಕದಲ್ಲಿ, ರಿಯಾಯಿತಿ ಪಡೆದ ಕಂಪನಿಗಳ ಪೈಕಿ ಅದಕ್ಕೋಸ್ಕರವೇ ಆ ಜಾಗ ಆರಿಸಿಕೊಂಡವು ಶೇ. 2ರಿಂದ 25 ಮಾತ್ರ. ಉಳಿದವು ಹೇಗೂ ಬರುತ್ತಿದ್ದವು. ಕೆಲಸ ಬಲ್ಲ ಜನ, ರಸ್ತೆ, ಹತ್ತಿರದ ಗಿರಾಕಿ ನೋಡಿ ಬರುವವರಿಗೆ ಬೊಕ್ಕಸದ ದುಡ್ಡನ್ನು ಸುಮ್ನೆ ಯಾಕೆ ಕೊಡಬೇಕು?

ಕ್ಯಾನ್ಸಸ್ ಸಿಟಿ ನೋಡಿ. ಅಲ್ಲಿ ಸ್ಟೇಟ್ ಲೈನ್ ಅನ್ನೋ ರಸ್ತೆಯ ಒಂದು ಬದಿ ಮಿಸೌರಿ, ಇನ್ನೊಂದು ಬದಿ ಕ್ಯಾನ್ಸಸ್. ಎರಡೂ ರಾಜ್ಯಗಳು ವರ್ಷಗಟ್ಟಲೆ ಜಿದ್ದಿಗೆ ಬಿದ್ದು ರಿಯಾಯಿತಿ ಕೊಟ್ಟವು, ಕಂಪನಿಗಳು ಆ ಬದಿಯಿಂದ ಈ ಬದಿಗೆ, ಈ ಬದಿಯಿಂದ ಆ ಬದಿಗೆ ಆಫೀಸು ಬದಲಿಸುತ್ತಾ ಹೋದವು. ಚಿತ್ರಮಂದಿರಗಳ ದೊಡ್ಡ ಕಂಪನಿ ಎಎಂಸಿ ಕೂಡ ಮಿಸೌರಿ ಬಿಟ್ಟು ಕ್ಯಾನ್ಸಸ್‌ನ ಲೀವುಡ್‌ಗೆ ಹೋಯಿತು. ಇಷ್ಟು ಹತ್ತಿರಕ್ಕೆ ಆಫೀಸು ಹೋದರೆ ನೌಕರರು ಮನೆ ಕೂಡ ಬದಲಿಸಬೇಕಿಲ್ಲ. ಸರ್ಕಾರ ಹೊಸ ಕೆಲಸ ಅಂತ ಬರೆದುಕೊಂಡಿದ್ದು ಗಡಿ ದಾಟಿ ಬಂದ ಹಳೇ ಕೆಲಸ, ಅಷ್ಟೇ. ತೆರಿಗೆ ಮಾತ್ರ ಎರಡೂ ಕಡೆ ಖೋತಾ. ಕೊನೆಗೆ 2019ರಲ್ಲಿ, ಆ ನಗರದ ಸುತ್ತಲಿನ ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಮಟ್ಟಿಗೆ, ಮಿಸೌರಿ ಕಾನೂನು ಮಾಡಿತು, ಕ್ಯಾನ್ಸಸ್ ಗವರ್ನರ್ ಆದೇಶ ಹೊರಡಿಸಿದರು: ಇನ್ನು ಒಬ್ಬರ ಕೆಲಸ ಇನ್ನೊಬ್ಬರು ಎಳೆದುಕೊಳ್ಳೋದು ಬೇಡ ಅಂತ. ಆದರೂ 2024ರಲ್ಲಿ ಮಿಸೌರಿಯ ಎರಡು ಕ್ರೀಡಾ ತಂಡಗಳನ್ನು ಸೆಳೆಯಲು ಕ್ಯಾನ್ಸಸ್, ಸ್ಟೇಡಿಯಂ ಕಟ್ಟಲು ಸಾಲ ಎತ್ತುವ ಬಾಂಡ್‌ಗಳಿಗೆ ಅವಕಾಶ ಕೊಡುವ ಕಾನೂನು ಮಾಡಿತು. ಬೇಸರದ ವಿಷಯ.

ಹಾಗಾಗಿ ಅಕ್ಕಪಕ್ಕದ ರಾಜ್ಯಗಳು ಒಟ್ಟಿಗೆ ರದ್ದು ಮಾಡಬೇಕು, ಅದೂ ಎರಡೂ ಕಡೆ ಕಾನೂನಾಗಿಯೇ, ಅನ್ನೋದು ನಮ್ಮ ನಿಲುವು. ಒಂಟಿಯಾಗಿ ಮಾಡಿದರೆ ಜಾಸ್ತಿ ದಿನ ನಿಲ್ಲೋದು ಕಷ್ಟ. ಶಾಲೆಗಳಿಗೆ ಸೇರುವ ಆಸ್ತಿ ತೆರಿಗೆಯಲ್ಲಿ ಕಂಪನಿಗಳಿಗೆ ವಿನಾಯಿತಿ ಕೊಡುತ್ತಿದ್ದ ಟೆಕ್ಸಾಸ್‌ನ 'ಚಾಪ್ಟರ್ 313' 2022ರ ಕೊನೆಗೆ ಮುಗಿಯಿತು. ಮಾರನೇ ವರ್ಷವೇ ಅದರ ಜಾಗಕ್ಕೆ ಇನ್ನೊಂದು ಯೋಜನೆ ಬಂತು!

ಇನ್ನು ಹಳೇ ಒಪ್ಪಂದಗಳು. ಅವನ್ನು ಮುರಿಯಿರಿ ಅಂತ ನಾವು ಹೇಳಿಲ್ಲ, ಹೇಳೋದೂ ಇಲ್ಲ. ಟೆಕ್ಸಾಸ್‌ನಲ್ಲಿ ಹೊಸ ಅರ್ಜಿ ನಿಂತವು, ಸಹಿ ಆಗಿದ್ದ ಒಪ್ಪಂದಗಳು ತಮ್ಮ ಅವಧಿ ಮುಗಿಯುವವರೆಗೆ ಮುಂದುವರಿದವು. ಕಂಪನಿ ತಾನು ಹೇಳಿದಷ್ಟು ಕೆಲಸ ಕೊಡದಿದ್ದರೆ ಮಾತ್ರ ರಿಯಾಯಿತಿ ವಾಪಸ್ ಕೇಳಲೇಬೇಕು. ಅದಕ್ಕೆ ಒಪ್ಪಂದದಲ್ಲೇ ಜಾಗ ಇರಬೇಕು.

— ಸಂಪಾದಕ